ಯಾತ್ರೆಯೂ ಪ್ರವಾಸವೂ

೧

ಕೆಲವು ಪದಗಳು ಬಹುಕಾಲದ ಬಳಕೆಯಿಂದ ತಮ್ಮ ಮೊದಲ ಅರ್ಥವನ್ನು ಕಳೆದುಕೊಂಡು, ಅದಕ್ಕೆ ಹೆಚ್ಚುಕಡಮೆ ವಿರುದ್ಧವಾದ ಅರ್ಥವನ್ನು ಹೊತ್ತು ನಡೆಯುವುದುಂಟು. ನಾವು ಇಂದು ‘ಪ್ರವಾಸ ಸಾಹಿತ್ಯ’ವೆಂದು ಕರೆಯುವ ಪ್ರಕಾರದ ಹೆಸರು ಅಂಥದೊಂದು. ಪ್ರವಾಸವೆಂಬ ಮಾತಿನ ಒಡಲಲ್ಲಿರುವುದು ‘ವಾಸ’. ತನ್ನ ಮನೆಯನ್ನು ಬಿಟ್ಟು ಪರಸ್ಥಳದಲ್ಲಿ ಇರುವುದು ಎಂದು ಅದರ ಮೂಲಾರ್ಥ. ಹೋಗುವ ಅರ್ಥವಿರುವುದು ‘ಯಾತ್ರೆ’ಯೆಂಬ ಮಾತಿನಲ್ಲಿ. ಯಾತ್ರಿಕನು ಹೋಗುತ್ತಾನೆ, ನೋಡುತ್ತಾನೆ, ಹಿಂದಿರುಗುತ್ತಾನೆ, ಪ್ರವಾಸಿಯಾದವನು ಇರುತ್ತಾನೆ. ನಮ್ಮ ಆಲಂಕಾರಿಕರು ಈ ಭೇದವನ್ನು ಚೆನ್ನಾಗಿ ಬಲ್ಲವರಾಗಿದ್ದರು. ವಿಪ್ರಲಂಭ ಶೃಂಗಾರವನ್ನು ವಿಭಾಗಿಸುವಾಗ ಅವರು ಪ್ರವಾಸವನ್ನು ಅದರ ಒಂದು ಬಗೆಯಾಗಿ ಎಣಿಸಿದರು. ದಶರೂಪಕವನ್ನು ಬರೆದ ಧನಂಜಯನು ಅದಕ್ಕೆ ಕಾರ್ಯ, ಸಂಭ್ರಮ, ಶಾಪ ಎಂಬ ಮೂರು ಕಾರಣಗಳನ್ನು ಹೇಳುತ್ತಾನೆ. ಸಂಭ್ರಮವೆಂದರೆ ಇಲ್ಲಿ ಹಬ್ಬದ ಸಡಗರವಲ್ಲ. ಉತ್ಪಾತದಿಂದ ಹುಟ್ಟಿದ ಕಳವಳ. ಕಾಳಿದಾಸನ ಯಕ್ಷನು ಶಾಪದಿಂದ ಪ್ರವಾಸಿಯಾದವನು. ಇನ್ನುಳಿದುದು ಕಾರ್ಯನಿಮಿತ್ತವಾದ ಪ್ರವಾಸ.

ಈ ಕಾರ್ಯನಿಮಿತ್ತದ ಪ್ರವಾಸವೇ ನಮ್ಮ ಕಾಲದ, ನಮ್ಮ ಬೀದಿಗಳ, ಕಥೆಯಾಗಿದೆ. ಮೈಸೂರಿನ ಜಯಲಕ್ಷ್ಮಿಪುರಂ, ಒಂಟಿಕೊಪ್ಪಲು, ಯಾದವಗಿರಿಗಳ ಮನೆಗಳಲ್ಲಿ ವಿಚಾರಿಸಿದರೆ, ಮಗನೋ ಮಗಳೋ ಸೊಸೆಯೋ ಕಛೇರಿಯ ಕೆಲಸದ ಮೇಲೆ ಆರು ತಿಂಗಳು ಲಂಡನ್ನಿನಲ್ಲಿ ಇದ್ದು ಬಂದ ಸಂಗತಿ, ಇಲ್ಲವೆ ಎರಡು ವರ್ಷಗಳಿಂದ ನ್ಯೂಯಾರ್ಕಿನಲ್ಲಿಯೋ ಸಿಂಗಪುರದಲ್ಲಿಯೋ ಇರುವ ಸಂಗತಿ ಕಿವಿಗೆ ಬೀಳದೆ ಇರುವುದು ಅಪರೂಪ. ಇಷ್ಟು ಜನ ಇಷ್ಟು ನಗರಗಳಲ್ಲಿ ದುಡಿದು ಬಾಳಿದ್ದಾರೆ. ಆ ಬಾಳಿನಿಂದ ಕನ್ನಡಕ್ಕೆ ಬಂದ ಗದ್ಯವೆಷ್ಟು? ಕನ್ನಡದಲ್ಲಿ ಯಾತ್ರೆಯ ಸಾಹಿತ್ಯ ಸಮೃದ್ಧವಾಗಿದೆ. ಪ್ರವಾಸದ ಸಾಹಿತ್ಯ, ಆ ಮಾತಿನ ನಿಜವಾದ ಅರ್ಥದಲ್ಲಿ, ಬಡವಾಗಿದೆ. ಈ ಕೊರತೆ ಎಲ್ಲಿಂದ ಬಂದಿತು, ಇದರಿಂದ ನಮಗಾಗುವ ನಷ್ಟವೇನು ಎಂಬುದೇ ಈ ಲೇಖನದ ವಿಚಾರ.

೨

ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂಬುದು ಹಿಂದಿನವರ ಕಟ್ಟಳೆ. ದಂಡಿಯ ಕಾವ್ಯಾದರ್ಶದಲ್ಲಿ ಆ ಪಟ್ಟಿ ಮೊದಲಾಗುವುದೇ ನಗರದಿಂದ. ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯಗಳೆಲ್ಲ ಆಮೇಲೆ. ನಮ್ಮ ಚಂಪೂಕವಿಗಳು ಈ ವಿಧಿಯನ್ನು ನಿಷ್ಠೆಯಿಂದ ನಡೆಸಿದರು. ಕೋಟೆ, ಅಗಳು, ಮುಗಿಲು ಮುಟ್ಟುವ ಉಪ್ಪರಿಗೆ, ರತ್ನದ ರಾಶಿ ಸುರಿದ ಅಂಗಡಿಬೀದಿ, ವೇಶ್ಯಾವಾಟ, ಉದ್ಯಾನ, ತಾವರೆಗೊಳ: ಇವಿಷ್ಟೂ ಸೇರಿದರೆ ಪುರವರ್ಣನೆ ಪೂರೈಸಿತು. ಕವಿಯು ನಗರವನ್ನು ಎತ್ತರದಿಂದ ನೋಡುತ್ತಾನೆ. ಅವನ ನಗರದಲ್ಲಿ ದಾರಿ ತಪ್ಪಿದವನಿಲ್ಲ, ಮನೆಬಾಡಿಗೆ ತೆರಲಾರದವನಿಲ್ಲ, ಕೆಲಸ ಮುಗಿಸಿ ಕಾಲೆಳೆಯುತ್ತ ಬಿಡಾರಕ್ಕೆ ಹೋಗುವವನೂ ಇಲ್ಲ. ಇದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಅದು ಒಂದು ಕವಿಸಮಯ, ಕವಿಗೂ ಕೇಳುವವರಿಗೂ ಗೊತ್ತಿದ್ದೇ ನಡೆದ ಒಪ್ಪಂದ.

ತೊಡಕು ಹುಟ್ಟಿದುದು ಈ ಪುರವರ್ಣನೆ ಹೊಸ ಕಾಲದ ಗದ್ಯದೊಳಕ್ಕೆ ಗುರುತು ಮರೆಸಿಕೊಂಡು ಬಂದಾಗ. ಪರದೇಶಕ್ಕೆ ಹೋಗಿಬಂದವರ ಬರಹಗಳಲ್ಲಿ ನಮಗೆ ಬೇಸರ ತರುವ ಪುಟಗಳನ್ನು ತೆಗೆದು ನೋಡಿದರೆ, ಅಲ್ಲಿ ಹಳೆಯ ಉಪ್ಪರಿಗೆಯ ಸ್ಥಾನದಲ್ಲಿ ನೂರಂತಸ್ತಿನ ಕಟ್ಟಡ, ಅಗಳಿನ ಸ್ಥಾನದಲ್ಲಿ ನದಿಯ ಸೇತುವೆ, ರತ್ನದಂಗಡಿಯ ಸ್ಥಾನದಲ್ಲಿ ಗಾಜಿನ ಮಳಿಗೆ, ಉದ್ಯಾನದ ಸ್ಥಾನದಲ್ಲಿ ಉದ್ಯಾನವೇ ಇರುವುದು ಕಾಣುತ್ತದೆ. ಅಳತೆ, ಎತ್ತರ, ವೆಚ್ಚಗಳ ಲೆಕ್ಕ ಮಾತ್ರ ಹೊಸದು. ಹಳೆಯ ಕವಿಗೆ ಅತಿಶಯೋಕ್ತಿಯು ಅಲಂಕಾರವೆಂದು ತಿಳಿದಿತ್ತು. ಹೊಸ ಯಾತ್ರಿಕನಿಗೆ ಅದು ವಾಸ್ತವವೆಂಬ ನಂಬಿಕೆ. ‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಗಾದೆಯೂ ಸುತ್ತುವುದನ್ನು ಹೇಳುತ್ತದೆಯೇ ಹೊರತು ನಿಲ್ಲುವುದನ್ನು ಹೇಳುವುದಿಲ್ಲ.

ಆದರೂ ಕಾಳಿದಾಸನೇ ಇದಕ್ಕೊಂದು ಪ್ರತ್ಯುತ್ತರವನ್ನು ಇಟ್ಟುಹೋಗಿದ್ದಾನೆ. ಮೇಘಸಂದೇಶದ ಮೋಡವು ದೂತಕಾರ್ಯದ ಮೇಲೆ ಹೊರಟದ್ದು. ಅದರ ದಾರಿ ನೆಟ್ಟಗೆ ಉತ್ತರಕ್ಕೆ. ಹಾಗಿದ್ದರೂ ಉಜ್ಜಯಿನಿಯನ್ನು ನೋಡದೆ ಹೋಗಬೇಡ, ದಾರಿ ಸುತ್ತಾದರೂ ಚಿಂತೆಯಿಲ್ಲ ಎಂದು ಯಕ್ಷನು ಹೇಳುತ್ತಾನೆ. ಕೆಲಸ ಹೊತ್ತವನು ಕೆಲಸದ ನಡುವೆ ನಗರಕ್ಕಾಗಿ ಬಳಸುದಾರಿ ಹಿಡಿಯುವುದರಲ್ಲಿ ಬೇರೆಯೇ ಒಂದು ಸ್ವಾರಸ್ಯವಿದೆ. ಅವನ ನೋಟಕ್ಕೆ ಸಮಯದ ಬಿಗಿಯುಂಟು, ಮನೆಯ ನೆನಪಿನ ಒತ್ತಡವುಂಟು, ಮುಗಿಸಬೇಕಾದ ಹೊಣೆಯುಂಟು. ಇವು ಮೂರೂ ಇಲ್ಲದ ನೋಟಕ್ಕೆ ಏನು ಕೊರತೆಯಾಗುವುದೆಂಬುದನ್ನು ಮುಂದೆ ನೋಡಬಹುದು.

೩

ನಮ್ಮ ಪ್ರಸಿದ್ಧ ಗ್ರಂಥಗಳ ಹೆಸರುಗಳನ್ನೇ ಸಾಲಾಗಿ ಇಟ್ಟುಕೊಂಡು, ಅವುಗಳ ವಿಭಕ್ತಿಗಳನ್ನು ಗಮನಿಸಿದರೆ ಒಂದು ಚಿಕ್ಕ ಚರಿತ್ರೆಯೇ ಹೊರಬೀಳುತ್ತದೆ. ಶ್ರೀ ವಿ. ಕೃ. ಗೋಕಾಕರು ೧೯೩೬ರಿಂದ ೧೯೩೮ರವರೆಗೆ ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದರು. ಅವರ ಗ್ರಂಥದ ಹೆಸರು ‘ಸಮುದ್ರದಾಚೆಯಿಂದ’. ಇದು ಪಂಚಮಿ. ಮಾತನಾಡುವವನು ಆಚೆಯ ದಡದಲ್ಲಿದ್ದಾನೆ, ಮುಖ ಮಾತ್ರ ಈಚೆಗೆ ತಿರುಗಿದೆ. ಶ್ರೀ ಕೃಷ್ಣಾನಂದ ಕಾಮತರ ‘ನಾನೂ ಅಮೆರಿಕೆಗೆ ಹೋಗಿದ್ದೆ’ ಎಂಬುದು ಚತುರ್ಥಿ. ಅದರಲ್ಲಿನ ‘ನಾನೂ’ ಎಂಬ ಉಕಾರದ ತುಂಟತನವನ್ನು ರಸಿಕರು ಬಿಡಿಸಿ ಹೇಳಿಸಿಕೊಳ್ಳಬೇಕಾಗಿಲ್ಲ. ಇನ್ನು ಡಾ. ಜಿ. ಎಸ್. ಶಿವರುದ್ರಪ್ಪನವರ ‘ಮಾಸ್ಕೋದಲ್ಲಿ ಇಪ್ಪತ್ತೆರಡು ದಿನ’, ‘ಇಂಗ್ಲೆಂಡಿನಲ್ಲಿ ಚತುರ್ಮಾಸ’, ಡಾ. ದೇ. ಜವರೇಗೌಡರ ‘ವಿದೇಶಗಳಲ್ಲಿ ನಾಲ್ಕು ವಾರ’, ಡಾ. ಬಿ. ಜಿ. ಎಲ್. ಸ್ವಾಮಿಯವರ ‘ಅಮೆರಿಕದಲ್ಲಿ ನಾನು’, ಶ್ರೀ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕಾದಲ್ಲಿ ಗೊರೂರು’: ಇವೆಲ್ಲ ಸಪ್ತಮಿ.

ಈ ಸಪ್ತಮಿಗಳಲ್ಲಿಯೂ ಎರಡು ಬಗೆ. ಮೊದಲಿನ ಮೂರು ಹೆಸರುಗಳು ಕಾಲವನ್ನು ಎಣಿಸಿ ಹೇಳುತ್ತವೆ. ಇಪ್ಪತ್ತೆರಡು ದಿನ, ನಾಲ್ಕು ವಾರ, ನಾಲ್ಕು ತಿಂಗಳು ಎಂದು ಹೊದಿಕೆಯ ಮೇಲೆಯೇ ಒಪ್ಪಿಸಿಬಿಡುವುದು ಪ್ರಾಮಾಣಿಕತೆಯ ಲಕ್ಷಣ. ಓದುಗನು ಎಷ್ಟನ್ನು ನಿರೀಕ್ಷಿಸಬಹುದೆಂಬುದಕ್ಕೆ ಮಿತಿಯನ್ನು ಲೇಖಕರೇ ಹಾಕಿಕೊಟ್ಟಿದ್ದಾರೆ. ಅವುಗಳಲ್ಲಿಯೂ ‘ಚತುರ್ಮಾಸ’ವೆಂಬ ಮಾತು ಬಹಳ ಅರ್ಥವತ್ತಾದುದು. ವರ್ಷವೆಲ್ಲ ಸಂಚಾರ ಮಾಡುವ ಯತಿಯು ಮಳೆಗಾಲದಲ್ಲಿ ಒಂದೇ ಊರಿನಲ್ಲಿ ನೆಲೆನಿಲ್ಲುವ ವ್ರತ ಅದು. ಯಾತ್ರೆಗೂ ವಾಸಕ್ಕೂ ನಡುವಣ ಒಂದು ಸ್ಥಿತಿಗೆ ನಮ್ಮ ಸಂಪ್ರದಾಯದಲ್ಲಿ ಹೆಸರಿತ್ತೆಂಬುದನ್ನು ಆ ಶೀರ್ಷಿಕೆ ನೆನಪಿಗೆ ತರುತ್ತದೆ.

ಕೊನೆಯ ಎರಡು ಹೆಸರುಗಳು ಕಾಲವನ್ನು ಹೇಳದೆ ಮನುಷ್ಯನನ್ನು ಹೇಳುತ್ತವೆ. ಸ್ವಾಮಿಯವರು ಅಮೆರಿಕದಲ್ಲಿ ನಿಜವಾಗಿ ಕೆಲಸಕ್ಕಾಗಿ ಇದ್ದವರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಬೈಲಿಯವರೊಡನೆ ಸಸ್ಯಗಳ ಅಂಗರಚನೆಯನ್ನು ಕುರಿತು ಸಂಶೋಧನೆ ನಡೆಸಿದರು. ಹೂವಿನ ಅಂಡಕೋಶದ ವಿಕಾಸವನ್ನು ಕುರಿತು ಇಬ್ಬರೂ ಕೂಡಿ ೧೯೫೧ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಸಸ್ಯಶಾಸ್ತ್ರಜ್ಞರು ಇಂದಿಗೂ ಮರೆತಿಲ್ಲ. ಗೊರೂರರದು ಬೇರೆಯ ಸಂದರ್ಭ. ಅವರೂ, ‘ಅಪರವಯಸ್ಕನ ಅಮೆರಿಕಾ ಯಾತ್ರೆ’ಯನ್ನು ಬರೆದ ಶ್ರೀ ಎ. ಎನ್. ಮೂರ್ತಿರಾಯರೂ ಇಳಿವಯಸ್ಸಿನಲ್ಲಿ ಆ ದೇಶವನ್ನು ಕಂಡವರು, ಉದ್ಯೋಗಕ್ಕಾಗಿ ಹೋದವರಲ್ಲ. ಗೊರೂರರ ಗ್ರಂಥಕ್ಕೆ ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದಕ್ಕೆ ಅದು ಯೋಗ್ಯವೂ ಹೌದು. ಆದರೆ ವಿಮರ್ಶಕನ ಕಣ್ಣಿಗೆ ಬೀಳಬೇಕಾದ ಸಂಗತಿಯೊಂದು ಇಲ್ಲಿದೆ. ದಿನವೂ ಬೆಳಗ್ಗೆ ಎದ್ದು ಆ ನಗರಗಳ ರೈಲುಗಳಲ್ಲಿ ನೂಕುನುಗ್ಗಲಿನಲ್ಲಿ ಹೋಗಿ ದುಡಿದು ಬರುವ ತಲೆಮಾರು ಬಹುಮಟ್ಟಿಗೆ ಮೌನವಾಗಿದೆ. ಅಲ್ಲಿ ಯಾವ ಉದ್ಯೋಗವೂ ಇಲ್ಲದೆ ಕಿಟಕಿಯ ಬಳಿ ಕುಳಿತ ಹಿರಿಯ ತಲೆಮಾರು ಬರೆದಿದೆ. ಹಿರಿಯರು ಬರೆದುದು ನಮ್ಮ ಪುಣ್ಯ. ಕಿರಿಯರು ಬರೆಯದಿರುವುದು ನಮ್ಮ ಚಿಂತೆಗೆ ವಿಷಯ.

೪

ಕೆಲಸದ ಕಣ್ಣಿಗೆ ನಗರ ಹೇಗೆ ಕಾಣುತ್ತದೆಂಬುದಕ್ಕೆ ಕನ್ನಡದಲ್ಲಿ ದೃಷ್ಟಾಂತವೇ ಇಲ್ಲವೆಂದಲ್ಲ. ಅದಕ್ಕಾಗಿ ಸಮುದ್ರವನ್ನು ದಾಟಬೇಕಾಗಿಯೂ ಇಲ್ಲ. ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ಕೇಳದ ಮನೆ ನಮ್ಮಲ್ಲಿ ವಿರಳ. ಸತ್ಯಕ್ಕಾಗಿ ರಾಜ್ಯವನ್ನು ತೊರೆದ ಅಯೋಧ್ಯೆಯ ಅರಸನು ಹೆಂಡತಿ ಮಗನೊಡನೆ ಕಾಶಿಗೆ ಬರುತ್ತಾನೆ, ಸಾಲ ವಸೂಲಿಗೆ ಬಂದ ನಕ್ಷತ್ರಿಕನು ಬೆನ್ನಿಗೇ ಇದ್ದಾನೆ, ಗಡುವು ಕಳೆಯುತ್ತಿದೆ. ಕಾಶಿಯೆಂದರೆ ಯಾತ್ರಾಸ್ಥಳಗಳಲ್ಲೆಲ್ಲ ಯಾತ್ರಾಸ್ಥಳ. ಬಂದವನು ಗಂಗೆಯಲ್ಲಿ ಮಿಂದು, ವಿಶ್ವನಾಥನನ್ನು ಕಂಡು, ಪುಣ್ಯ ಕಟ್ಟಿಕೊಂಡು ಹೋಗಬೇಕಾದ ಊರು. ಹರಿಶ್ಚಂದ್ರನಿಗೆ ಅದು ತನ್ನವರನ್ನೂ ತನ್ನನ್ನೂ ಮಾರಿಕೊಳ್ಳಬೇಕಾದ ಸಂತೆಯಾಗುತ್ತದೆ. ಚಂದ್ರಮತಿಯೂ ಲೋಹಿತಾಶ್ವನೂ ಬ್ರಾಹ್ಮಣನೊಬ್ಬನ ಮನೆಯ ಆಳಾಗುತ್ತಾರೆ; ಅರಸನು ವೀರಬಾಹುವಿನ ಸೇವಕನಾಗಿ ಸುಡುಗಾಡನ್ನು ಕಾಯುತ್ತಾನೆ.

ಕಾಶಿಗೆ ಹೋದವರು ಕಾಣುವುದೂ ಆ ಗಂಗೆಯೇ, ಆ ದಡವೇ. ಆದರೆ ಕಾವಲುಗಾರನಿಗೆ ಹೆಣಕ್ಕೆ ಸಲ್ಲಬೇಕಾದ ತೆರಿಗೆ ಎಷ್ಟು, ಯಾರು ಕೊಡಲಾರರು, ರಾತ್ರಿಯ ಯಾವ ಜಾವದಲ್ಲಿ ಯಾರು ಬರುತ್ತಾರೆ ಎಂಬುದೆಲ್ಲ ಗೊತ್ತು. ಯಾತ್ರಿಕನಿಗೆ ಕಾಣದ ಕಾಶಿ ಅವನಿಗೆ ಕಂಡಿತು. ಒಮ್ಮೆ ಕಾಶಿಯನ್ನು ಹಾಗೆ ಕಂಡ ಮೇಲೆ ಓದುಗನಿಗೂ ಅದು ಮೊದಲಿನ ಪುರವರ್ಣನೆಯ ನಗರವಾಗಿ ಉಳಿಯುವುದಿಲ್ಲ. ಅಷ್ಟಾದಶ ವರ್ಣನೆಗಳ ಸಂಪ್ರದಾಯದ ನಡುವೆಯೇ ಬಂದ ರಾಘವಾಂಕನು, ನಗರವನ್ನು ಅದರ ಮಾಳಿಗೆಯಿಂದಲ್ಲ, ಅದರ ಕೊನೆಯ ಅಂಚಿನಿಂದ, ಊಳಿಗದವನ ಜಾಗದಿಂದ ತೋರಿಸಿಕೊಟ್ಟನು. ಕಥೆಯ ನೀತಿಯನ್ನು ಮಾತ್ರ ಹಿಡಿದುಕೊಂಡು ನಾವು ಈ ಗುಣವನ್ನು ಗಮನಿಸದೆ ಬಿಟ್ಟಿದ್ದೇವೆ.

೫

ಆಧುನಿಕ ಕಾಲದಲ್ಲಿ ಇದಕ್ಕೆ ಸಮೀಪವಾದ ದೃಷ್ಟಾಂತ ನಮ್ಮ ನೆರೆಯಲ್ಲಿಯೇ ಇದೆ. ಜಯಲಕ್ಷ್ಮಿಪುರಕ್ಕೆ ಅನತಿದೂರದ ಯಾದವಗಿರಿಯಲ್ಲಿ ಮನೆ ಕಟ್ಟಿಕೊಂಡು ಬಹುಕಾಲ ವಾಸವಾಗಿದ್ದ ಶ್ರೀ ಆರ್. ಕೆ. ನಾರಾಯಣರು ೧೯೫೬ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಆಹ್ವಾನದ ಮೇಲೆ ಅಮೆರಿಕಕ್ಕೆ ಹೋದರು. ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಕೊಲ್ಲಿಯ ಆಚೆ ಇರುವ ಬರ್ಕ್ಲಿಯ ಹೋಟೆಲೊಂದರಲ್ಲಿ ಕೋಣೆ ಹಿಡಿದು, ‘ದ ಗೈಡ್’ ಎಂಬ ತಮ್ಮ ಕಾದಂಬರಿಯನ್ನು ಬರೆದರು. ಅದು ೧೯೫೮ರಲ್ಲಿ ಅಚ್ಚಾಯಿತು. ೧೯೬೦ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಆ ಪ್ರವಾಸದ ದಿನಚರಿ ‘ಮೈ ಡೇಟ್‌ಲೆಸ್ ಡೈರಿ’ ಎಂಬ ಪುಸ್ತಕವಾಗಿ ಬಂದಿದೆ.

ಈ ದಿನಚರಿಯಲ್ಲಿ ಪುರವರ್ಣನೆಯನ್ನು ಹುಡುಕುವವರಿಗೆ ನಿರಾಶೆಯಾದೀತು. ಅಲ್ಲಿರುವುದು ಹೆಚ್ಚಾಗಿ ಕೋಣೆಯ ಹುಡುಕಾಟ, ಸಸ್ಯಾಹಾರದ ಹುಡುಕಾಟ, ದಾರಿಯಲ್ಲಿ ಸಿಕ್ಕವರೊಡನೆ ಮಾತುಕತೆ. ಪ್ರಸಿದ್ಧ ನಟಿ ಗ್ರೇಟಾ ಗಾರ್ಬೊ, ಲೇಖಕ ಆಲ್ಡಸ್ ಹಕ್ಸ್‌ಲಿ ಮೊದಲಾದವರ ಭೇಟಿಯೂ ಅದರಲ್ಲಿ ಬರುತ್ತದೆ. ಆದರೆ ನಮ್ಮ ಕಡೆಯವರು ನೆನಪಿಟ್ಟುಕೊಂಡಿರುವುದು ನ್ಯೂಯಾರ್ಕಿನ ಕಾಫಿಯ ಪ್ರಸಂಗವನ್ನು. ಕಪ್ಪು ಕಾಫಿಯೋ ಬಿಳಿಯದೋ ಎಂದು ಕೇಳಿದ ಪರಿಚಾರಕನಿಗೆ, ಎರಡೂ ಅಲ್ಲದ ಕಂದುಬಣ್ಣದ ಕಾಫಿ ಬೇಕೆಂದು ಅವರು ವಿವರಿಸಬೇಕಾಗುತ್ತದೆ. ಮೇಲುನೋಟಕ್ಕೆ ಇದು ವಿನೋದ. ಆದರೆ ಗಿರಾಕಿಗಳ ಸಾಲು ಹಿಂದೆ ಕಾಯುತ್ತಿರುವಾಗ, ಎರಡೇ ಉತ್ತರಗಳಿಗೆ ಒಗ್ಗಿಹೋದ ಒಂದು ಮಹಾನಗರದ ಮುಂದೆ, ಮೂರನೆಯ ಉತ್ತರವನ್ನು ಹಿಡಿದು ನಿಂತ ಮೈಸೂರಿನ ಮನುಷ್ಯನ ಚಿತ್ರ ಅದು. ಆ ನಗರದ ವೇಗವನ್ನು ಅಂಕಿಸಂಖ್ಯೆಗಳ ಹತ್ತು ಪುಟಗಳು ಇಷ್ಟು ಚೆನ್ನಾಗಿ ತಿಳಿಸಲಾರವು. ಬರ್ಕ್ಲಿಯ ಕೋಣೆಯಲ್ಲಿ ಅವರು ವಿದ್ಯುತ್ತಿನ ಒಲೆಯೊಂದನ್ನು ತಂದಿಟ್ಟುಕೊಂಡು ಅನ್ನ ಬೇಯಿಸಿಕೊಂಡರು. ಅನ್ನ ಬೇಯಿಸಿಕೊಂಡ ಊರು ಮನುಷ್ಯನಿಗೆ ಬೇರೊಂದು ಬಗೆಯಲ್ಲಿ ಪರಿಚಯವಾಗುತ್ತದೆ. ಅಕ್ಕಿ ಎಲ್ಲಿ ಸಿಕ್ಕುವುದೆಂದು ಅವನು ಕೇಳಿ ತಿಳಿಯಬೇಕಲ್ಲವೆ?

ಇದರೊಡನೆ ಮತ್ತೊಂದು ವಿಚಾರವನ್ನು ಸೇರಿಸಿ ನೋಡಬೇಕು. ಪರನಗರದ ಕೋಣೆಯಲ್ಲಿ ಕುಳಿತು ಅವರು ಬರೆದ ಕಾದಂಬರಿಯ ನಾಯಕನಾದ ರಾಜು ಯಾರು? ಊರಿಗೆ ಬಂದ ಯಾತ್ರಿಕರಿಗೆ ಸ್ಥಳಗಳನ್ನು ತೋರಿಸಿ ಜೀವನ ಮಾಡುವವನು. ಹಳೆಯ ಕಟ್ಟಡದ ವಯಸ್ಸನ್ನು ಮನಸ್ಸಿಗೆ ಬಂದಂತೆ ಹಿಗ್ಗಿಸಿ ಕುಗ್ಗಿಸಿ ಹೇಳುವವನು. ತಾವೇ ನೋಡಲು ಬಂದವರಾಗಿದ್ದ ಊರಿನಲ್ಲಿ, ನಾರಾಯಣರು ನೋಡುವವರನ್ನೂ ತೋರಿಸುವವರನ್ನೂ ಕುರಿತು ಬರೆದರು. ಯಾತ್ರಿಕನಿಗೆ ಒದಗುವ ತಿಳಿವಳಿಕೆ ಎಷ್ಟು ಪೊಳ್ಳಾಗಿರಬಹುದೆಂಬ ವಿಮರ್ಶೆ ಆ ಪಾತ್ರದಲ್ಲಿಯೇ ಅಡಗಿದೆ.

ಗಾಂಧೀಜಿಯವರ ಆತ್ಮಕಥೆಯ ಲಂಡನ್ ಅಧ್ಯಾಯಗಳೂ ಇದೇ ಜಾತಿಗೆ ಸೇರಿದವು. ೧೮೮೮ರಲ್ಲಿ ನ್ಯಾಯಶಾಸ್ತ್ರದ ವ್ಯಾಸಂಗಕ್ಕಾಗಿ ಹೋದ ಯುವಕನು ತಾಯಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು, ಸಸ್ಯಾಹಾರದ ಊಟದಮನೆಯನ್ನು ಹುಡುಕುತ್ತ ಮೈಲಿಗಟ್ಟಲೆ ನಡೆದು, ಕಡೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಅದನ್ನು ಕಂಡನು. ಗಾಡಿಯ ಖರ್ಚನ್ನು ಉಳಿಸಲು, ಕೆಲಸದ ಜಾಗಕ್ಕೆ ಕಾಲ್ನಡಿಗೆಯಲ್ಲಿ ಹೋಗಬಹುದಾದ ಬಿಡಾರವನ್ನು ಹಿಡಿದನು. ಹಸಿವೂ ಮಿತವ್ಯಯವೂ ಅವನಿಗೆ ಆ ನಗರದ ಬೀದಿಗಳನ್ನು ಪರಿಚಯಿಸಿದವು. ಆ ಪುಟಗಳನ್ನು ಓದಿದವರಿಗೆ ಲಂಡನ್ ಎಂದೊಡನೆ ನೆನಪಾಗುವುದು ಗೋಪುರವಲ್ಲ, ಆ ಊಟದಮನೆಯ ಬಾಗಿಲು.

ನಾರಾಯಣರು ಬರೆದುದು ಇಂಗ್ಲಿಷಿನಲ್ಲಿ, ಗಾಂಧೀಜಿಯವರು ಗುಜರಾತಿಯಲ್ಲಿ. ಇವರ ಬರಹಗಳನ್ನು ನಾವು ನಮ್ಮ ಮನೆಯ ಕಪಾಟುಗಳಲ್ಲಿ ಪ್ರೀತಿಯಿಂದ ಇಟ್ಟುಕೊಂಡಿದ್ದೇವೆ. ಆದರೆ ಬೇರೆ ಭಾಷೆಯಲ್ಲಿ ಆದ ಅನುಭವ ಆ ಭಾಷೆಗೆ ಸಂಪತ್ತಾಗುತ್ತದೆ. ಕನ್ನಡದ ವಾಕ್ಯಕ್ಕೆ ಅದರಿಂದ ಹೊಸ ಶಕ್ತಿ ಬರುವುದಿಲ್ಲ.

೬

ಕನ್ನಡದ ವಾಕ್ಯಕ್ಕೆ ಆ ಶಕ್ತಿ ಇದೆಯೇ ಎಂಬ ಸಂದೇಹ ಯಾರಿಗಾದರೂ ಬಂದರೆ, ಅವರಿಗೆ ಮುಂಬಯಿಯನ್ನು ತೋರಿಸಬಹುದು. ಮುಂಬಯಿ ಪರದೇಶವಲ್ಲ, ಆದರೆ ಹನೇಹಳ್ಳಿಯಿಂದಲೋ ಗೋಕರ್ಣದಿಂದಲೋ ಉದ್ಯೋಗಕ್ಕಾಗಿ ಹೋದವನಿಗೆ ಅದು ಭಾಷೆ ಬೇರೆಯಾದ ಮಹಾನಗರವೇ ಸರಿ. ಶ್ರೀ ಯಶವಂತ ಚಿತ್ತಾಲರು ಅಲ್ಲಿ ರಾಸಾಯನಿಕ ಉದ್ಯಮದಲ್ಲಿ ದುಡಿದವರು. ೧೯೭೯ರಲ್ಲಿ ಬಂದ ಅವರ ‘ಶಿಕಾರಿ’ಯಲ್ಲಿ, ಕೆಲಸದಿಂದ ತಡೆಹಿಡಿಯಲ್ಪಟ್ಟ ನಾಗಪ್ಪನಿಗೆ ಇಡಿಯ ನಗರವೇ ಬೇಟೆಯ ಕಾಡಾಗುತ್ತದೆ. ಶ್ರೀ ಜಯಂತ ಕಾಯ್ಕಿಣಿಯವರೂ ಅಲ್ಲಿನ ಔಷಧೋದ್ಯಮದಲ್ಲಿ ಕೆಲಸ ಮಾಡಿದವರು. ಅವರ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಮೀಸಲಾದ ೨೦೧೮ರ ಸಾಲಿನ ಡಿ. ಎಸ್. ಸಿ. ಪ್ರಶಸ್ತಿ ಬಂದಿತು. ಈ ಇಬ್ಬರ ಮುಂಬಯಿಯಲ್ಲಿ ನೋಡತಕ್ಕ ಸ್ಥಳಗಳ ಪಟ್ಟಿಯಿಲ್ಲ. ಕಛೇರಿಯ ಭಯವಿದೆ, ಚಾಳಿನ ಮೆಟ್ಟಿಲಿದೆ, ಕಡೆಯ ರೈಲಿನ ಹೊತ್ತಿದೆ. ಮುಂಬಯಿಯನ್ನು ಕನ್ನಡವು ಹೀಗೆ ತನ್ನದಾಗಿ ಮಾಡಿಕೊಂಡಿದೆ. ಲಂಡನ್ನನ್ನೂ ನ್ಯೂಯಾರ್ಕನ್ನೂ ಅಷ್ಟರ ಮಟ್ಟಿಗೆ ಮಾಡಿಕೊಂಡಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಅದು ನ್ಯಾಯವಾದುದೂ ಹೌದು. ದುಡಿಯಲು ಹೋದವನು ನಗರವನ್ನು ನಿಜವಾಗಿ ನೋಡುತ್ತಾನೆಯೇ? ಬಿಡಾರದಿಂದ ಕಛೇರಿಗೆ, ಕಛೇರಿಯಿಂದ ಬಿಡಾರಕ್ಕೆ ಇರುವ ಒಂದು ದಾರಿಯೇ ಅವನ ನಗರ. ಸಂಜೆಗೆ ದಣಿವು. ವಾರದ ಕೊನೆಯಲ್ಲಿ ಬಟ್ಟೆ ಒಗೆಯುವುದು, ದಿನಸಿ ತರುವುದು, ತನ್ನ ಭಾಷೆಯವರ ಕೂಟಕ್ಕೆ ಹೋಗುವುದು. ಇದಕ್ಕೆ ಹೋಲಿಸಿದರೆ ಹತ್ತು ದಿನಗಳಲ್ಲಿ ಹತ್ತು ಬೀದಿಗಳನ್ನು ಸುತ್ತಿದ ಯಾತ್ರಿಕನೇ ಹೆಚ್ಚು ಕಂಡವನಲ್ಲವೆ?

ಈ ಮಾತನ್ನು ಅರ್ಧ ಒಪ್ಪಬೇಕು. ಬರಿಯ ವಾಸದಿಂದ ನಗರ ತಿಳಿಯುವುದಿಲ್ಲ. ಇಪ್ಪತ್ತು ವರ್ಷ ಮೈಸೂರಿನಲ್ಲಿದ್ದೂ ಮಂಡಿಮೊಹಲ್ಲದ ಗಲ್ಲಿಗಳನ್ನು ಕಾಣದವರು ನಮ್ಮಲ್ಲಿಯೇ ಇದ್ದಾರೆ. ಮೋಡಕ್ಕೆ ಯಕ್ಷನು ಹೇಳಿದ ಬಳಸುದಾರಿ ಇಲ್ಲಿ ಬೇಕಾಗುತ್ತದೆ. ಕೆಲಸದ ದಾರಿಯನ್ನು ಬಿಟ್ಟು ಒಂದು ನಿಲ್ದಾಣ ಮೊದಲೇ ಇಳಿದು ನಡೆಯುವ ಕುತೂಹಲ ಬೇಕು. ಆದರೆ ಆ ಕುತೂಹಲ ಇಬ್ಬರಲ್ಲಿಯೂ ಸಮಾನವಾಗಿದ್ದರೆ, ದುಡಿಯುವವನ ನೋಟವೇ ಮೇಲು. ಏಕೆಂದರೆ ಅವನು ಆ ಬೀದಿಗೆ ಮತ್ತೆ ಬರುತ್ತಾನೆ. ಬೇಸಗೆಯಲ್ಲಿ ಕಂಡ ಬೀದಿಯನ್ನು ಚಳಿಗಾಲದಲ್ಲಿಯೂ, ಸಂಬಳದ ದಿನ ಕಂಡುದನ್ನು ಕೈ ಬರಿದಾದ ದಿನವೂ ಕಾಣುತ್ತಾನೆ. ಮೊದಲ ನೋಟದ ತಪ್ಪನ್ನು ತಿದ್ದಿಕೊಳ್ಳಲು ಯಾತ್ರಿಕನಿಗೆ ಎರ���ನೆಯ ಅವಕಾಶವಿಲ್ಲ, ಅವನಿಗೆ ಉಂಟು. ಮೇಲಾಗಿ ನಗರವು ಯಾತ್ರಿಕನನ್ನು ಅತಿಥಿಯೆಂದು ಕಾಣುತ್ತದೆ. ದುಡಿಯುವವನನ್ನು ತನ್ನ ಆಳೆಂದು ಕಾಣುತ್ತದೆ. ಊರಿನ ಗುಣ ತಿಳಿಯುವುದು ಅದು ಅತಿಥಿಗಳನ್ನು ನಡೆಸಿಕೊಳ್ಳುವ ರೀತಿಯಿಂದಲ್ಲ, ಆಳುಗಳನ್ನು ನಡೆಸಿಕೊಳ್ಳುವ ರೀತಿಯಿಂದ.

೭

ಇಷ್ಟನ್ನೂ ಹೇಳಬೇಕಾದುದು ಕೇವಲ ಶಾಸ್ತ್ರಚರ್ಚೆಗಾಗಿ ಅಲ್ಲ. ಹಿಂದೆ ಪರದೇಶಕ್ಕೆ ಹೋದವರು ಮನೆಗೆ ಕಾಗದ ಬರೆಯುತ್ತಿದ್ದರು. ಹಡಗಿನ ಟಪ್ಪಾಲಿಗೆ ವಾರಗಳು ಹಿಡಿಯುತ್ತಿದ್ದುದರಿಂದ, ಬರೆಯುವವರು ಕುಳಿತು ಯೋಚಿಸಿ, ತಾಯಿಗೆ ಅರ್ಥವಾಗುವ ಕನ್ನಡದಲ್ಲಿ ಆ ನಗರವನ್ನು ವಿವರಿಸುತ್ತಿದ್ದರು. ಮಂಜು ಎಂದರೇನು, ನೆಲದಡಿಯ ರೈಲು ಎಂದರೇನು, ಮನೆಯೊಡತಿ ಏನೆಂದಳು ಎಂಬುದಕ್ಕೆಲ್ಲ ಕನ್ನಡದಲ್ಲಿ ಮಾತುಗಳನ್ನು ಹುಡುಕಬೇಕಾಗಿತ್ತು. ಆ ಹುಡುಕಾಟವೇ ಗದ್ಯದ ಗರಡಿಯಾಗಿತ್ತು. ಈಗ ದಿನವೂ ಮುಖ ನೋಡಿಕೊಂಡು ದೂರವಾಣಿಯಲ್ಲಿ ಮಾತನಾಡುವ ಅನುಕೂಲ ಬಂದಿದೆ. ತಂದೆತಾಯಿಗಳಿಗೆ ಅದರಿಂದ ಆಗಿರುವ ಸಮಾಧಾನವನ್ನು ಯಾರೂ ಕಡಮೆಯೆಂದು ಎಣಿಸಬಾರದು. ಆದರೆ ಆ ಮಾತು ಬಹುಮಟ್ಟಿಗೆ ‘ಊಟವಾಯಿತೇ, ಚಳಿ ಹೆಚ್ಚೇ’ ಎಂಬುದರಲ್ಲಿಯೇ ಮುಗಿಯುತ್ತದೆ. ಕಣ್ಣಿಗೆ ಕಾಣುವುದನ್ನು ತೋರಿಸಿಬಿಟ್ಟರೆ ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಮಗಳು ಮೂರು ವರ್ಷ ಇದ್ದ ಊರಿನ ವಿಚಾರವಾಗಿ ತಾಯಿಯ ಬಳಿ ನೂರು ಚಿತ್ರಗಳಿವೆ. ಒಂದು ಪುಟದ ಬರಹವಿಲ್ಲ.

ಇದರ ಪರಿಣಾಮ ಎರಡು ಬಗೆಯದು. ಮನೆಯ ಮಟ್ಟಿಗೆ, ಮಕ್ಕಳ ಬಾಳಿನ ಅತಿ ಕಷ್ಟದ, ಅತಿ ಸಾಹಸದ ವರ್ಷಗಳು ಹೆತ್ತವರಿಗೆ ತಿಳಿಯದೆ ಕಳೆದುಹೋಗುತ್ತವೆ. ಹಿಂದಿರುಗಿ ಬಂದವರು ಏಕೆ ಬೇರೆಯವರಾಗಿ ಬಂದರೆಂಬುದು ಮನೆಯವರಿಗೆ ಒಗಟಾಗಿ ಉಳಿಯುತ್ತದೆ. ಭಾಷೆಯ ಮಟ್ಟಿಗೆ, ನಮ್ಮ ಕಾಲದ ಒಂದು ದೊಡ್ಡ ಅನುಭವವು ಕನ್ನಡವನ್ನು ಮುಟ್ಟದೆ ಪಕ್ಕದಲ್ಲಿಯೇ ಹರಿದುಹೋಗುತ್ತದೆ. ಯಾವ ಭಾಷೆಯಲ್ಲಿ ದುಡಿಮೆಯ ಮಾತಿಲ್ಲವೋ ಆ ಭಾಷೆ ಕಾಲಕ್ರಮದಲ್ಲಿ ಹಬ್ಬದ ದಿನದ ಭಾಷೆಯಾಗಿ ಉಳಿದುಬಿಡುತ್ತದೆ.

ಆದುದರಿಂದ ನಮ್ಮ ತರುಣ ತರುಣಿಯರಲ್ಲಿ ಕೇಳಿಕೊಳ್ಳಬೇಕಾದುದು ಮಹಾಗ್ರಂಥವನ್ನಲ್ಲ. ಬಾಡಿಗೆಗೆ ಕೋಣೆ ಹೇಗೆ ಸಿಕ್ಕಿತು, ಯಾರು ಹೆಸರು ಕೇಳಿ ಇಲ್ಲವೆಂದರು, ಯಾರು ಒಳಕ್ಕೆ ಕರೆದರು. ಕಛೇರಿಯ ದಾರಿಯಲ್ಲಿ ದಿನವೂ ಎದುರಾಗುತ್ತಿದ್ದವನು ಯಾವ ದೇಶದವನು, ಅವನಿಗೂ ಮನೆ ದೂರವೇ. ಮೊದಲನೆಯ ಭಾನುವಾರ ಎಲ್ಲಿಗೆ ನಡೆದು ಹೋದಿರಿ, ಎಲ್ಲಿ ದಾರಿ ತಪ್ಪಿತು. ಯಾವ ದಿನ ಆ ಊರು ಪರಊರೆನಿಸದೆ ಹೋಯಿತು. ಇಷ್ಟನ್ನು ಅಲಂಕಾರವಿಲ್ಲದೆ, ನಾಲ್ಕಾರು ಪುಟಗಳಲ್ಲಿ ಬರೆದರೆ ಸಾಕು. ಗೋಪುರಗಳ ಎತ್ತರ ನಮಗೆ ಬೇರೆ ಕಡೆ ಸಿಕ್ಕುತ್ತದೆ. ಜಿಲ್ಲೆಜಿಲ್ಲೆಗಳ ಸಾಹಿತ್ಯಸಂಘಗಳೂ ತಮ್ಮ ಮಾಸಪತ್ರಿಕೆಗಳಲ್ಲಿ ಇಂಥ ಬರಹಕ್ಕೆ ಎಡೆಮಾಡಿಕೊಡಬೇಕು. ಮನೆಯ ಹಿರಿಯರು ಫೋಟೋವನ್ನು ಕೇಳುವಂತೆಯೇ ಕಾಗದವನ್ನೂ ಕೇಳಬೇಕು. ಧನಂಜಯನು ಪ್ರವಾಸದ ಕಾರಣಗಳಲ್ಲಿ ಕಾರ್ಯವನ್ನೂ ಎಣಿಸಿದನು. ಆ ಕಾರ್ಯಕ್ಕೆ ತಕ್ಕ ಕಾವ್ಯವಲ್ಲದಿದ್ದರೂ, ತಕ್ಕ ಗದ್ಯವನ್ನಾದರೂ ಕನ್ನಡವು ತನ್ನ ಮಕ್ಕಳಿಂದ ಕೇಳುವ ಹಕ್ಕುಳ್ಳದ್ದಾಗಿದೆ.